ಆಲ್ಕೊ ಓಡಿಸಿದ ಹಿರಿಯರಿಗೆ ಒಂದು ಬಹಿರಂಗ ಪತ್ರ

ಹಿರಿಯರೇ,

ಹುಬ್ಬಳ್ಳಿ, ಅರಸೀಕೆರೆ, ಬೆಂಗಳೂರು, ಮೈಸೂರು, ಹೊಸಪೇಟೆ, ಮಂಗಳೂರುಗಳ ಲಾಬಿಯಲ್ಲಿ ಸಹಿ ಹಾಕಿ, ಹೊತ್ತಲ್ಲದ ಹೊತ್ತಿನಲ್ಲಿ ಎಂಜಿನ್ ಏರಿ, ಸರ್ವಿಸಿನ ಬಹುಭಾಗವನ್ನು ಡೀಸೆಲ್ ಲೋಕೋ ಕ್ಯಾಬಿನಲ್ಲೇ ಕಳೆದು ಈಗ ನಿವೃತ್ತರಾಗಿರುವ ಡ್ರೈವರುಗಳಿಗೆ, ಅವರ ಜೊತೆ ಓಡಾಡಿದ ಅಸಿಸ್ಟೆಂಟರಿಗೆ, ಲೋಕೋ ಇನ್‌ಸ್ಪೆಕ್ಟರುಗಳಿಗೆ ಈ ಪತ್ರ. ಹುದ್ದೆಯ ಹೆಸರು ಆಮೇಲೆ ಲೋಕೋ ಪೈಲಟ್ ಎಂದಾಯಿತು. ನಮ್ಮ ಊರುಗಳಲ್ಲಿ ಮಾತ್ರ ನೀವು ಈಗಲೂ ಡ್ರೈವರ್ ಸಾಹೇಬರೇ. ಇಲ್ಲೂ ಹಾಗೇ ಕರೆಯುತ್ತೇನೆ.

ನಾವು ಕಂಪ್ಯೂಟರಿನ ರೈಲು ಸಿಮ್ಯುಲೇಟರುಗಳಿಗೆ ಎಂಜಿನ್ನಿನ ಕ್ಯಾಬ್ ಕಟ್ಟುವವರು. ಪರದೆಯ ಮೇಲೆ ರೈಲು ಓಡಿಸುವವನ ಎದುರಿಗೆ ಏನೇನು ಇರಬೇಕೋ ಅದನ್ನೆಲ್ಲ, ಅಂದರೆ ಮುಂದಿನ ಗಾಜು, ಗೇಜು, ಹ್ಯಾಂಡಲ್, ದೀಪ, ವೈಪರ್‌ಗಳನ್ನು ಒಂದೊಂದಾಗಿ ಕೂರಿಸುವುದು ನಮ್ಮ ಕೆಲಸ. ಸಂಬಳದ ಕೆಲಸವಲ್ಲ, ಆಫೀಸು ಮುಗಿಸಿ ರಾತ್ರಿ ಕೂತು ಮಾಡುವುದು. ನಮಗೆ ನಿಮ್ಮಿಂದ ಬೇಕಿರುವುದು ಒಂದೆರಡು ಸಂಜೆ. ಎಂಜಿನ್ನಿನ ಫೋಟೋ ನಮ್ಮಲ್ಲಿದೆ, ನಕ್ಷೆಯಿದೆ, ಮ್ಯಾನ್ಯುಯಲ್ ಕೂಡ ಸಿಕ್ಕಿದೆ. ಆ ಕ್ಯಾಬಿನೊಳಗೆ ಕೆಲಸ ಹೇಗೆ ನಡೆಯುತ್ತಿತ್ತು ಎನ್ನುವುದು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅದು ಇರುವುದು ನಿಮ್ಮ ಹತ್ತಿರ.

ಇಷ್ಟು ಅವಸರ ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಸ್ಕೆನೆಕ್ಟಡಿಯಿಂದ 1962ರಲ್ಲಿ ನಮ್ಮ ದೇಶಕ್ಕೆ ಬಂದ ಆಲ್ಕೊ ಎಂಜಿನ್ 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿತು. ಡಬ್ಲ್ಯುಡಿಎಂ-2 ಎಂದರೆ 16 ಸಿಲಿಂಡರ್, 2600 ಅಶ್ವಶಕ್ತಿ, ಗಂಟೆಗೆ 120 ಕಿಲೋಮೀಟರ್ ವೇಗ. ಅದನ್ನು ರೂಪಿಸಿದ ಕಂಪನಿ 1969ರಲ್ಲೇ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ನಮ್ಮಲ್ಲಿ ಮಾತ್ರ ಅದರ ವಂಶ ಬೆಳೆಯುತ್ತಲೇ ಹೋಗಿ 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎಯಂಥವು ಬಂದವು. ಮೀಟರ್ ಗೇಜಿನಲ್ಲಿ ಅದರ ತಮ್ಮ ವೈಡಿಎಂ-4 ಇತ್ತು. ಈಗ ಹಳಿಯ ಮೇಲೆಲ್ಲ ವಿದ್ಯುತ್ ತಂತಿ ಬಂದಿದೆ. ವಾರಾಣಸಿಯ ಕಾರ್ಖಾನೆಯ ಹೆಸರಿನಲ್ಲಿದ್ದ ಡೀಸೆಲ್ ಕೂಡ 2020ರಲ್ಲಿ ಹೋಗಿ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು. ಆಲ್ಕೊಗಳು ಒಂದೊಂದಾಗಿ ಕಂಡೆಮ್ ಆಗಿ ಗುಜರಿ ಸೇರುತ್ತಿವೆ. ಒಂದೆರಡು ಎಂಜಿನ್ ಮ್ಯೂಸಿಯಮ್ಮಿನಲ್ಲಿ ಬಣ್ಣ ಬಳಿದುಕೊಂಡು ನಿಂತಾವು, ಆದರೆ ನಿಂತ ಎಂಜಿನ್ನಿನಲ್ಲಿ ಎಲ್ಲ ಸೂಜಿಗಳೂ ಸೊನ್ನೆಯಲ್ಲಿರುತ್ತವೆ.

ಸಿಮ್ಯುಲೇಟರ್ ಎಂದರೆ ಮಕ್ಕಳ ಆಟ ಎಂದು ನಿಮ್ಮಲ್ಲಿ ಕೆಲವರು ಭಾವಿಸಿದ್ದೀರಿ. ಹಾಗನ್ನಿಸುವುದು ಸಹಜ. ಮೈಕ್ರೋಸಾಫ್ಟ್ ಕಂಪನಿ 2001ರಲ್ಲಿ ಟ್ರೈನ್ ಸಿಮ್ಯುಲೇಟರ್ ಬಿಡುಗಡೆ ಮಾಡಿದಾಗ ಅದನ್ನು ಆಟಗಳ ಸಾಲಿನಲ್ಲೇ ಇಟ್ಟು ಮಾರಿದರು. ಅದರಲ್ಲಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರಿಯ, ಜಪಾನುಗಳ ಆರು ಮಾರ್ಗಗಳಿದ್ದವು, ಭಾರತದ್ದು ಒಂದೂ ಇರಲಿಲ್ಲ. ಆದರೆ ಅದರ ಕಡತಗಳನ್ನು ತೆರೆದು ನಮ್ಮದೇ ಎಂಜಿನ್, ನಮ್ಮದೇ ಸ್ಟೇಷನ್ ಕಟ್ಟಿಕೊಳ್ಳಲು ದಾರಿಯಿತ್ತು. ಭಾರತದ ಆಸಕ್ತರು ಅದನ್ನೇ ಮಾಡಿದರು. ಅದರ ಎರಡನೇ ಆವೃತ್ತಿಯ ಕೆಲಸ 2009ರಲ್ಲಿ ಅರ್ಧಕ್ಕೇ ನಿಂತಿತು. ಆಮೇಲೆ ಸ್ವಯಂಸೇವಕರು ಸೇರಿ ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶ ಬರೆದರು. ಅದರ 1.0 ಆವೃತ್ತಿ 2015ರಲ್ಲಿ ಬಂತು. ಹಳೆಯ ಕಡತಗಳು ಬಹುಪಾಲು ಅದರಲ್ಲೂ ನಡೆಯುತ್ತವೆ. ಬ್ರೇಕಿನ ಗಾಳಿ ರೈಲಿನ ಉದ್ದಕ್ಕೂ ಸಾಗಲು ಹಿಡಿಯುವ ಹೊತ್ತನ್ನೂ ಅದು ಲೆಕ್ಕ ಹಾಕುತ್ತದೆ. ಬರೀ ಆಟವಾಗಿದ್ದರೆ ಆ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ಕ್ಯಾಬ್ ಹೇಗೆ ತಯಾರಾಗುತ್ತದೆ ಎಂದು ಸ್ವಲ್ಪ ಹೇಳುತ್ತೇನೆ, ಎಲ್ಲಿ ನೀವು ಬೇಕಾಗುತ್ತೀರಿ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಎರಡು ಆಯಾಮದ ಕ್ಯಾಬಿಗೆ ಮೊದಲು ಒಂದು ಚಿತ್ರ ಬೇಕು. ಡ್ರೈವರ್ ಸೀಟಿನಿಂದ ನೇರಕ್ಕೆ ಕಾಣುವುದೊಂದು, ಎಡಕ್ಕೊಂದು, ಬಲಕ್ಕೊಂದು. ಕಿಟಕಿಯ ಗಾಜಿದ್ದ ಜಾಗವನ್ನು ಕತ್ತರಿಸಿ ತೆಗೆಯುತ್ತೇವೆ, ಹೊರಗಿನ ಹಳಿ ಅಲ್ಲಿಂದ ಕಾಣಬೇಕಲ್ಲ. ಗೇಜುಗಳ ಫೋಟೋದಿಂದ ಸೂಜಿಯನ್ನು ಅಳಿಸಿ, ಅದರ ಹಿಂದೆ ಮುಚ್ಚಿಹೋಗಿದ್ದ ಗೆರೆ, ಅಂಕಿಗಳನ್ನು ಕೈಯಿಂದ ತುಂಬುತ್ತೇವೆ. ಸೂಜಿಯನ್ನು ಬೇರೆ ಚಿತ್ರವಾಗಿ ಬರೆದು, ಅದು ಯಾವ ಬಿಂದುವಿನ ಸುತ್ತ ತಿರುಗಬೇಕು, ಸೊನ್ನೆಗೆ ಎಷ್ಟು ಡಿಗ್ರಿ, ಕೊನೆಯ ಅಂಕಿಗೆ ಎಷ್ಟು ಡಿಗ್ರಿ ಎಂದು ಒಂದು ಪಠ್ಯಕಡತದಲ್ಲಿ ನಮೂದಿಸುತ್ತೇವೆ. ಹ್ಯಾಂಡಲಿಗೆ ಪ್ರತಿ ಸ್ಥಾನಕ್ಕೂ ಒಂದೊಂದು ಚಿತ್ರ. ನಿಮ್ಮ ಥ್ರಾಟಲ್‌ಗೆ ಐಡಲ್ ಒಂದು, ನಾಚ್ ಎಂಟು, ಒಟ್ಟು ಒಂಬತ್ತು. ಇದನ್ನೆಲ್ಲ ಎಲ್ಲಿ ಕೂರಿಸಬೇಕೆಂದು ಹೇಳುವ ಲೆಕ್ಕ ಈಗಲೂ 640×480ರ ಹಳೆಯ ಚೌಕಟ್ಟಿನಲ್ಲೇ ನಡೆಯುತ್ತದೆ, ಪರದೆ ಎಷ್ಟೇ ದೊಡ್ಡದಿರಲಿ. ರಾತ್ರಿಗೆ ಇಡೀ ಚಿತ್ರಗಳ ಇನ್ನೊಂದು ಜೊತೆ ಬೇಕು. ಕ್ಯಾಬಿನ ದೀಪ ಹಾಕಿದಾಗಿನದು ಮತ್ತೊಂದು ಜೊತೆ.

ಇಷ್ಟು ಕೆಲಸವನ್ನು ತಾಳ್ಮೆಯಿರುವ ಯಾರು ಬೇಕಾದರೂ ಮಾಡಿಯಾರು. ಕಷ್ಟ ಇರುವುದು ಆಮೇಲೆ.

ಮೊದಲನೆಯದು ಕಣ್ಣಿನ ಜಾಗ. ಕ್ಯಾಮೆರಾ ಹಿಡಿದವನು ಸಾಮಾನ್ಯವಾಗಿ ಕ್ಯಾಬಿನ ಬಾಗಿಲ ಹತ್ತಿರ ನಿಂತು, ಎಲ್ಲವೂ ಒಂದೇ ಚಿತ್ರದಲ್ಲಿ ಬರಲಿ ಎಂದು ಅಗಲದ ಲೆನ್ಸ್ ಹಾಕಿ ಕ್ಲಿಕ್ ಮಾಡುತ್ತಾನೆ. ಆ ಚಿತ್ರದಲ್ಲಿ ಕ್ಯಾಬ್ ಹಜಾರದಷ್ಟು ದೊಡ್ಡದಾಗಿ ಕಾಣುತ್ತದೆ. ನೀವು ಅಲ್ಲಿ ನಿಂತು ಗಾಡಿ ಓಡಿಸಿದವರಲ್ಲ. ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿತ್ತು, ಕಂಟ್ರೋಲ್ ಸ್ಟ್ಯಾಂಡ್ ಎದೆಗೆ ಎಷ್ಟು ಹತ್ತಿರ, ಯಾವ ಗೇಜು ಕತ್ತು ತಿರುಗಿಸದೆ ಕಾಣುತ್ತಿತ್ತು, ಯಾವುದಕ್ಕೆ ಬಾಗಬೇಕಿತ್ತು ಎನ್ನುವುದು ಫೋಟೋದಲ್ಲಿ ಸಿಗುವುದಿಲ್ಲ. ಡಬ್ಲ್ಯುಡಿಎಂ-2ರ ಒಂದೇ ಕ್ಯಾಬಿನಲ್ಲಿ ಎರಡು ಕಂಟ್ರೋಲ್ ಸ್ಟ್ಯಾಂಡ್. ಎಂಜಿನ್ನಿನ ಗಿಡ್ಡ ಮೂತಿ, ಅಂದರೆ ಶಾರ್ಟ್ ಹುಡ್ ಮುಂದಿದ್ದಾಗ ಒಂದರ ಮುಂದೆ ಕೂರುತ್ತಿದ್ದಿರಿ, ಉದ್ದ ಮೂತಿಯ ಲಾಂಗ್ ಹುಡ್ ಮುಂದಾದಾಗ ಇನ್ನೊಂದರ ಮುಂದೆ. ನಮ್ಮ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಕ್ಯಾಬು. ಲಾಂಗ್ ಹುಡ್ ಕಡೆಯದನ್ನು ಕಟ್ಟುವವರೇ ಕಡಿಮೆ, ಏಕೆಂದರೆ ಮುಂದೆ ಕಾಣುವುದರಲ್ಲಿ ಅರ್ಧ ಎಂಜಿನ್ನಿನ ಮೈಯೇ. ನನಗೆ ಬೇಕಿರುವುದು ಅದೇ. ಹುಡ್ಡಿನ ಅಂಚಿಗೂ ಕಿಟಕಿಯ ಚೌಕಟ್ಟಿಗೂ ನಡುವೆ ಉಳಿಯುವ ಸಣ್ಣ ಸೀಳಿನಲ್ಲಿ ಸಿಗ್ನಲ್ ಹುಡುಕಿ ಗಾಡಿ ಓಡಿಸಿದವರು ನೀವು. ಬಲಕ್ಕೆ ತಿರುವು ಬಂದಾಗ ಏನು ಮಾಡುತ್ತಿದ್ದಿರಿ? ಎಷ್ಟು ದೂರದ ತನಕ ಅಸಿಸ್ಟೆಂಟ್ ಕೂಗಿದ್ದನ್ನೇ ನಂಬಬೇಕಿತ್ತು? ಆ ಉತ್ತರ ಸಿಕ್ಕರೆ ಚಿತ್ರದಲ್ಲಿ ಹುಡ್ಡಿನ ಗೆರೆ ಎಲ್ಲಿ ಬರಬೇಕೆಂದು ಗೊತ್ತಾಗುತ್ತದೆ.

ಎರಡನೆಯದು ಸಮಯ. ಇದು ಫೋಟೋದಲ್ಲಿ ಇರಲಿಕ್ಕೇ ಸಾಧ್ಯವಿಲ್ಲ. ಹುಬ್ಬಳ್ಳಿಯಲ್ಲಿ ನಿಮ್ಮಲ್ಲೊಬ್ಬರ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಬಹಳ ಜನ ಬಳಸುವ ಒಂದು ಕ್ಯಾಬನ್ನು ಲ್ಯಾಪ್‌ಟಾಪಿನಲ್ಲಿ ಅವರಿಗೆ ತೋರಿಸಿದ್ದೆ. ಯಾರೋ ಬಹಳ ಶ್ರಮಪಟ್ಟು ಮಾಡಿದ್ದ ಸುಂದರ ಕ್ಯಾಬ್ ಅದು, ಹ್ಯಾಂಡಲಿನ ಹಿಡಿಯಲ್ಲಿ ಬಣ್ಣ ಸವೆದದ್ದು ಕೂಡ ಇತ್ತು. ಅವರು ಕನ್ನಡಕ ಏರಿಸಿ ನೋಡಿದರು. ಇಡೀ ಗಾಡಿಗೆ ಬ್ರೇಕ್ ಹಾಕುವ ಎ-9 ಹ್ಯಾಂಡಲನ್ನು ಮಿನಿಮಮ್ ರಿಡಕ್ಷನ್‌ಗೆ ತಂದೆ. ಬ್ರೇಕ್ ಪೈಪಿನ (ಬಿಪಿ) ಗೇಜಿನ ಸೂಜಿ 5 ಕಿಲೋದಿಂದ ಟಕ್ಕನೆ ಇಳಿದು ನಿಂತಿತು.

“ಹಿಂದ ಎಷ್ಟ ಡಬ್ಬಿ ಅದಾವ?” ಎಂದರು.

“58 ಬಾಕ್ಸ್‌ಎನ್ ಸರ್” ಎಂದೆ.

“58 ವ್ಯಾಗನ್ ಹಚ್ಚಿ ಸೂಜಿ ಹಿಂಗ ಜಿಗದರ ಹೆಂಗ ತಮ್ಮಾ? ಕಡೀ ಡಬ್ಬಿತನಕಾ ಪೈಪಿನಾಗಿನ ಗಾಳಿ ಇಲ್ಲೇ ಬಂದ ಹೋಗಬೇಕು. ಆ ಸಪ್ಪಳ ಎಲ್ಲೈತಿ?”

ಆಮೇಲೆ ಅವರು ಆ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಿದರು. ಮೊದಲು ಜೋರಾಗಿ, ಆಮೇಲೆ ತೆಳುವಾಗುತ್ತಾ ಬಹಳ ಹೊತ್ತು ಎಳೆಯುವ ಒಂದು ಉಸಿರು. ಬರೀ ಎಂಜಿನ್ ಇದ್ದರೆ ಅದು ಕ್ಷಣದಲ್ಲಿ ಮುಗಿಯುತ್ತದೆ, ಹದಿನೆಂಟು ಕೋಚಿಗೆ ಇಷ್ಟು ಹೊತ್ತು, ಉದ್ದ ಗೂಡ್ಸಿಗೆ ಇಷ್ಟು ಹೊತ್ತು ಎಂದು ಬೆರಳು ಮೇಜಿನ ಮೇಲೆ ಎಳೆಯುತ್ತಾ ಲೆಕ್ಕ ಕೊಟ್ಟರು. ಬ್ರೇಕ್ ಹಾಕಿದ ಕ್ಷಣದಲ್ಲೇ, ಹಿಂದೆ ಗಾಡಿ ಪೂರ್ತಿ ಇದೆಯೋ, ನಡುವೆ ಎಲ್ಲಾದರೂ ಗಾಳಿ ಪೈಪಿನ ಆ್ಯಂಗಲ್ ಕಾಕ್ ಮುಚ್ಚಿದೆಯೋ ಎಂದು ಆ ಸಪ್ಪಳದ ಉದ್ದವೇ ಹೇಳುತ್ತಿತ್ತಂತೆ. ಗೇಜು ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಅಷ್ಟು ಅಂದವಾಗಿ ಬಣ್ಣ ಸವೆಸಿದ ಹ್ಯಾಂಡಲಿದ್ದ ಕ್ಯಾಬಿನಲ್ಲಿ ಈ ಒಂದು ಸದ್ದು ಇರಲಿಲ್ಲ. ಆ ದಿನದಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಚಿತ್ರ ಸ್ವಲ್ಪ ಮಸುಕಾಗಿದ್ದರೂ ನಡೆಯುತ್ತದೆ, ಸೂಜಿಯ ನಡೆ ಸುಳ್ಳಾಗಿರಬಾರದು.

ನಮ್ಮ ಬಳಗದಲ್ಲೇ ಇದರ ಬಗ್ಗೆ ವಾದವಿದೆ. ಈಗ ಮೂರು ಆಯಾಮದ ಕ್ಯಾಬ್‌ಗಳ ಕಾಲ. ಬ್ಲೆಂಡರ್ ತಂತ್ರಾಂಶದಲ್ಲಿ ಬೋಲ್ಟು ಬೋಲ್ಟನ್ನೂ ಕಡೆದು ಕೂರಿಸಬಹುದು, ತಲೆ ಹೊರಳಿಸಿ ಅಸಿಸ್ಟೆಂಟ್ ಸೀಟಿನ ಕೆಳಗೆ ಇಣುಕಬಹುದು. ಹುಡುಗರಿಗೆ ಅದೇ ಇಷ್ಟ, ಬೇಡ ಎನ್ನಲಾರೆ. ಆದರೆ ತಿಂಗಳುಗಟ್ಟಲೆ ಬೋಲ್ಟಿನ ಮೇಲೆ ಬೆಳಕು ಬೀಳಿಸಿದ ಮೇಲೆ, ಅಮ್ಮೀಟರಿನ ಸೂಜಿಗೆ ಒಂದು ಸಂಜೆಯನ್ನೂ ಕೊಡದೆ ಬಿಡುಗಡೆ ಮಾಡಿದ ಕ್ಯಾಬುಗಳನ್ನು ಕಂಡಿದ್ದೇನೆ. ಲೋಡ್ ಅಮ್ಮೀಟರ್ ನಿಮಗೆ ಏನಾಗಿತ್ತು ಎಂದು ಅವರಿಗೆ ಯಾರೂ ಹೇಳಿಲ್ಲ. ಏರಿನಲ್ಲಿ ಗಾಡಿ ಎತ್ತುವಾಗ ನಿಮ್ಮ ಕಣ್ಣು ಸ್ಪೀಡೋಮೀಟರಿನ ಮೇಲಲ್ಲ, ಅಮ್ಮೀಟರಿನ ಮೇಲೆ ಇರುತ್ತಿತ್ತು. ಒಂದು ನಾಚ್ ಹಾಕಿದರೆ ಸೂಜಿ ಏರಿ, ವೇಗ ಬಂದಂತೆ ತಾನಾಗಿ ಇಳಿಯುತ್ತದೆ. ಅದು ಇಳಿಯುವ ತನಕ ಕಾದು ಮುಂದಿನ ನಾಚ್. ಟ್ರಾನ್ಸಿಷನ್ ಆಗುವಾಗ ಸೂಜಿ ಒಮ್ಮೆ ಕುಸಿದು ಮತ್ತೆ ಎದ್ದು ನಿಲ್ಲುತ್ತದೆ, ಎಂಜಿನ್ನಿನ ದನಿಯೂ ಅದರ ಜೊತೆಗೇ ಏರುಪೇರಾಗುತ್ತದೆ. ಚಕ್ರ ಜಾರಿದರೆ ಬಝರ್, ದೀಪ. ಆಗ ಕೈ ಹಿಂದಕ್ಕೆ, ಮರಳು. ಐಡಲ್‌ನಲ್ಲಿ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚಿನಲ್ಲಿ 1000 ಸುತ್ತು ಎಂದು ಮ್ಯಾನ್ಯುಯಲ್ ಹೇಳುತ್ತದೆ. ನಡುವೆ ಆಲ್ಕೊ ಎಷ್ಟು ನಿಧಾನಕ್ಕೆ ಉಸಿರು ತೆಗೆದುಕೊಂಡು ಮೇಲೇಳುತ್ತಿತ್ತು, ಟರ್ಬೋ ಹಿಡಿಯುವ ತನಕ ಎಷ್ಟು ಕಪ್ಪು ಹೊಗೆ ಉಗುಳುತ್ತಿತ್ತು, ಆ ಹೊತ್ತಿನಲ್ಲಿ ಅವಸರದ ಡ್ರೈವರ್ ಏನು ಮಾಡುತ್ತಿದ್ದ, ಅನುಭವಸ್ಥ ಏನು ಮಾಡುತ್ತಿದ್ದ ಎನ್ನುವುದನ್ನು ನೀವು ಹೇಳಬೇಕು.

ಕ್ಯಾಬುಗಳಲ್ಲಿ ಬರೀ ಚಿತ್ರವಾಗಿ ಉಳಿದುಬಿಡುವ ಇನ್ನೊಂದು ಗೇಜಿದೆ, ಏರ್ ಫ್ಲೋ ಇಂಡಿಕೇಟರ್. ಬ್ರೇಕ್ ಪೈಪಿಗೆ ಎಷ್ಟು ಗಾಳಿ ಹರಿಯುತ್ತಿದೆ ಎಂದು ತೋರಿಸುವ ಅದರ ಸೂಜಿ ಸಾಧಾರಣವಾಗಿ ಒಂದೇ ಕಡೆ ನಿಂತಿರುತ್ತದೆ, ಹಾಗಾಗಿ ಕಟ್ಟುವವನಿಗೆ ಅದು ಮುಖ್ಯ ಎನ್ನಿಸುವುದಿಲ್ಲ. ಆದರೆ ಹಿಂದೆ ಯಾರೋ ಚೈನ್ ಎಳೆದರೆ, ಹೋಸ್ ಪೈಪ್ ಬಿಚ್ಚಿದರೆ, ಗಾಡಿ ತುಂಡಾದರೆ, ಮೊದಲು ಅಲುಗುವುದು ಅದೇ. ಆ ಸೂಜಿ ಅಲ್ಲಾಡಿದ್ದು ಕಂಡ ಕೂಡಲೇ ನಿಮ್ಮ ಕೈ ಎಲ್ಲಿಗೆ ಹೋಗುತ್ತಿತ್ತು? ಬಾಯಲ್ಲಿ ಏನು ಮಾತು ಬರುತ್ತಿತ್ತು? ಅಸಿಸ್ಟೆಂಟ್ ಯಾವ ಕಿಟಕಿಗೆ ಓಡುತ್ತಿದ್ದ?

ಅಸಿಸ್ಟೆಂಟ್ ಬಂಧುಗಳೇ, ನಿಮಗೆ ಪ್ರತ್ಯೇಕವಾಗಿ ಒಂದು ಮಾತು. ಸಿಮ್ಯುಲೇಟರಿನ ಕ್ಯಾಬುಗಳಲ್ಲಿ ನೀವು ಇಲ್ಲವೇ ಇಲ್ಲ. ಬಲಗಡೆ ನೋಡಿದರೆ ಖಾಲಿ ಸೀಟು. ಡಿಸ್ಟೆಂಟ್ ಸಿಗ್ನಲ್ ಕಂಡಾಗ ಒಬ್ಬರು ಕೂಗಿ ಇನ್ನೊಬ್ಬರು ಮರುನುಡಿಯುವುದು, ಕೈ ಚಾಚಿ ತೋರಿಸುವುದು, ತಿರುವಿನಲ್ಲಿ ಹಿಂದಕ್ಕೆ ಬಾಗಿ ಗಾಡಿ ಪೂರ್ತಿ ಬರುತ್ತಿದೆಯೇ ಎಂದು ನೋಡುವುದು, ಸ್ಟೇಷನ್ ದಾಟುವಾಗ ಹಸಿರು ಬಾವುಟ ಹಿಡಿಯುವುದು, ನಡುವೆ ಎಂಜಿನ್ನಿನ ಸ್ಥಿತಿ ನೋಡಿ ಬರುವುದು, ಈ ಯಾವುದೂ ನಮ್ಮ ಕ್ಯಾಬಿನಲ್ಲಿ ಇಲ್ಲ. ನಿಮ್ಮ ಕೂಗನ್ನು ಧ್ವನಿಯಾಗಿಯಾದರೂ ಸೇರಿಸಬೇಕೆಂದು ನನ್ನ ಆಸೆ. ಯಾರೋ ಸ್ಟುಡಿಯೋದಲ್ಲಿ ಓದಿದ ಹಾಗೆ ಅಲ್ಲ, ಎಂಟನೇ ನಾಚಿನ ಗದ್ದಲದ ಮೇಲೆ ಕೇಳುವ ಹಾಗೆ ನೀವು ಹೇಗೆ ಕೂಗುತ್ತಿದ್ದಿರೋ ಹಾಗೆ. ನಮ್ಮ ಭಾಗದಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷುಗಳೆಲ್ಲ ಬೆರೆತ ಒಂದು ಕ್ಯಾಬಿನ ಮಾತು ಇತ್ತಲ್ಲ, ಅದನ್ನೂ ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ.

ಘಟ್ಟದ ವಿಷಯಕ್ಕೆ ಬರುತ್ತೇನೆ. ನಮ್ಮ ಬಳಗ ಈ ಕೆಲಸಕ್ಕೆ ಕೈಹಾಕಿದ್ದೇ ಘಟ್ಟಕ್ಕಾಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮರಿ, ಶಿರಿಬಾಗಿಲು. 1979ರಲ್ಲಿ ಮೀಟರ್ ಗೇಜ್ ಬಂತು. 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿದರು. 2006ರಲ್ಲಿ ಬ್ರಾಡ್ ಗೇಜಿನ ಗೂಡ್ಸು, 2007ರಲ್ಲಿ ಪ್ಯಾಸೆಂಜರ್ ಶುರುವಾಯಿತು. ಇಷ್ಟು ಎಲ್ಲರಿಗೂ ಸಿಗುವ ಮಾಹಿತಿ. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ಇನ್ನೊಂದು ಘಟ್ಟದಲ್ಲಿ ಇಳಿಜಾರು 37ಕ್ಕೆ 1, ಹಿಂದೆ ಬ್ಯಾಂಕರ್ ಎಂಜಿನ್ ಇಲ್ಲದೆ ನಡೆಯುವುದಿಲ್ಲ. ಹಳಿ, ಸುರಂಗ, ಸೇತುವೆ, ಮರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಬ್ಬಿಸಬಹುದು, ಎತ್ತರದ ನಕ್ಷೆಗಳು ಸಿಗುತ್ತವೆ. ಆದರೆ ಆ ಇಳಿಜಾರಿನಲ್ಲಿ ಕೂತವನ ಕೈಯಲ್ಲಿ ಏನಿತ್ತು ಎನ್ನುವುದೇ ಘಟ್ಟದ ನಿಜವಾದ ಸಂಗತಿ. ಥ್ರಾಟಲ್ ಐಡಲ್‌ಗೆ ತಂದು, ಸ್ವಲ್ಪ ತಡೆದು, ಸೆಲೆಕ್ಟರ್ ಹ್ಯಾಂಡಲ್ ಬ್ರೇಕಿಂಗ್ ಕಡೆಗೆ ಹಾಕಿ, ಡೈನಮಿಕ್ ಬ್ರೇಕ್ ಕಟ್ಟಿಕೊಂಡದ್ದನ್ನು ಅಮ್ಮೀಟರಿನಲ್ಲಿ ನೋಡಿ, ಅದರ ಮೇಲೆ ಎ-9ರಲ್ಲಿ ಒಂದಿಷ್ಟು. ಎಷ್ಟು? ಮಳೆಯಲ್ಲಿ ಎಷ್ಟು? ಲೋಡ್ ಗಾಡಿಗೆ ಎಷ್ಟು, ಖಾಲಿಗೆ ಎಷ್ಟು? ಎಂಜಿನ್ನಿಗಷ್ಟೇ ಬ್ರೇಕ್ ಹಾಕುವ ಎಸ್‌ಎ-9ನ್ನು ಯಾವಾಗ ಮುಟ್ಟಬಾರದು? ಸುರಂಗದಿಂದ ಹೊರಬಂದಾಗ ಕಣ್ಣಿಗೆ ಬೆಳಕು ಹೊಂದುವ ತನಕ ಏನನ್ನು ಗುರುತು ಇಟ್ಟುಕೊಳ್ಳುತ್ತಿದ್ದಿರಿ? ನಿಯಮಪುಸ್ತಕದ ಅಂಕಿ ನಮಗೆ ಗೊತ್ತು. ನಿಯಮ ಮೀರದೆಯೇ ಪ್ರತಿಯೊಬ್ಬ ಡ್ರೈವರಿಗೂ ಅವನದೇ ಕೈ ಇತ್ತು ಎಂದು ನೀವೇ ಹೇಳುತ್ತೀರಿ. ಆ ಕೈಯನ್ನು ಬರೆದಿಟ್ಟುಕೊಳ್ಳಬೇಕು.

ಅದೇ ಘಟ್ಟದಲ್ಲಿ ಮೀಟರ್ ಗೇಜಿನ ಕಾಲದಲ್ಲಿ ವೈಡಿಎಂ-4 ಓಡಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಆದರೆ ಎಲ್ಲರಿಗೂ ವಯಸ್ಸಾಗಿದೆ. ಅವರು ಬಳಸಿದ್ದು ವ್ಯಾಕ್ಯೂಮ್ ಬ್ರೇಕ್. ಗಾಳಿಯ ಬ್ರೇಕಿನಲ್ಲಿ ಕಿಲೋ ಲೆಕ್ಕ, ಅದರಲ್ಲಿ ಸೆಂಟಿಮೀಟರ್ ಲೆಕ್ಕ. ಎಂಜಿನ್ನಿನಲ್ಲಿ 53 ಸೆಂಟಿಮೀಟರ್ ನಿರ್ವಾತ ಹುಟ್ಟಿಸಿ, ಹಿಂದೆ ಗಾರ್ಡಿನ ಗೇಜಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಬಂದದ್ದನ್ನು ಖಾತ್ರಿ ಮಾಡಿಕೊಂಡು ಹೊರಡಬೇಕು. ಇಳಿಜಾರಿನಲ್ಲಿ ನಿರ್ವಾತ ಕೆಡಿಸುವುದು ಸುಲಭ, ಮತ್ತೆ ಕಟ್ಟಿಕೊಳ್ಳಲು ಹೊತ್ತು ಬೇಕು. ಈ ಎರಡರ ನಡುವಿನ ಲೆಕ್ಕಾಚಾರವೇ ಅವರ ವಿದ್ಯೆ. 1992ರಲ್ಲಿ ಏಕ ಗೇಜ್ ಯೋಜನೆ ಶುರುವಾದ ಮೇಲೆ ಮೀಟರ್ ಗೇಜ್ ಕರಗುತ್ತಾ ಬಂತು, ವ್ಯಾಕ್ಯೂಮ್ ಬ್ರೇಕೂ ಅದರ ಜೊತೆ ಹೋಯಿತು. ಆ ಗೇಜಿನ ಸೂಜಿ ಹೇಗೆ ನಡೆಯುತ್ತಿತ್ತೆಂದು ನೋಡಲು ಈಗ ಚಾಲೂ ಇರುವ ಎಂಜಿನ್ ಹುಡುಕುವುದು ಬಹಳ ಕಷ್ಟ. ನಿಮ್ಮಲ್ಲಿ ಯಾರಿಗಾದರೂ ಆ ಹಿರಿಯರ ಪರಿಚಯವಿದ್ದರೆ ಮೊದಲು ಅವರ ಬಳಿಗೆ ನಮ್ಮನ್ನು ಕರೆದೊಯ್ಯಿರಿ. ಡಬ್ಲ್ಯುಡಿಎಂ-2ರ ಕೆಲಸ ಸ್ವಲ್ಪ ಕಾಯಬಲ್ಲದು.

ರಾತ್ರಿಯ ಕ್ಯಾಬಿನ ಬಗ್ಗೆಯೂ ಕೇಳಬೇಕಿದೆ. ಸಿಮ್ಯುಲೇಟರುಗಳಲ್ಲಿ ರಾತ್ರಿಯ ಕ್ಯಾಬ್ ಎಂದರೆ ಹಗಲಿನ ಚಿತ್ರವನ್ನು ಕಪ್ಪು ಮಾಡಿ ಗೇಜುಗಳನ್ನು ಹಳದಿಯಾಗಿ ಬೆಳಗಿಸಿದ್ದು. ನಿಜದಲ್ಲಿ ಕ್ಯಾಬಿನ ದೀಪ ಆರಿಸಿ ಓಡಿಸುತ್ತಿದ್ದಿರಿ, ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಗೇಜಿನ ಪುಟ್ಟ ಬಲ್ಬುಗಳಲ್ಲಿ ಒಂದೆರಡು ಯಾವಾಗಲೂ ಹೋಗಿರುತ್ತಿದ್ದವು, ಟಾರ್ಚ್ ಹಾಕಿ ನೋಡುತ್ತಿದ್ದೆವು ಎಂದು ಒಬ್ಬರು ಹೇಳಿದರು. ಎದುರಿನ ಗಾಡಿಯ ಹೆಡ್‌ಲೈಟ್ ಕಂಡಾಗ ನಿಮ್ಮದನ್ನು ಡಿಮ್ ಮಾಡುವುದು, ಕಾಷನ್ ಆರ್ಡರಿನ ಕಾಗದವನ್ನು ಎಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಿರಿ ಎಂಬುದು, ಚಳಿಗಾಲದಲ್ಲಿ ಬಾಗಿಲ ಸಂದಿಗೆ ತುರುಕುತ್ತಿದ್ದ ಪೇಪರ್. ಇಂಥವು ನಮ್ಮ ಚಿತ್ರದೊಳಗೆ ಬಂದರೆ ಅದನ್ನು ನೋಡಿದ ಹುಡುಗನಿಗೆ, ಇಲ್ಲೊಬ್ಬ ಮನುಷ್ಯ ಕೂತು ದುಡಿಯುತ್ತಿದ್ದ ಎಂದು ತಿಳಿಯುತ್ತದೆ.

ಡ್ರೈವರ್ ಎಚ್ಚರವಿದ್ದಾನೆಯೇ ಎಂದು ನೋಡಲು ಕೊನೆಕೊನೆಗೆ ಬಂದ ವಿಸಿಡಿಯ ಬಗ್ಗೆ ನಿಮ್ಮಲ್ಲಿ ಒಳ್ಳೆಯ ಮಾತಾಡಿದವರು ನನಗೆ ಸಿಕ್ಕಿಲ್ಲ. ಒಂದು ನಿಮಿಷ ಯಾವ ಹ್ಯಾಂಡಲನ್ನೂ ಮುಟ್ಟದಿದ್ದರೆ ಮೊದಲು ದೀಪ, ಆಮೇಲೆ ಬಝರ್, ಅದಕ್ಕೂ ಉತ್ತರ ಬರದಿದ್ದರೆ ಬ್ರೇಕ್. ಸಿಮ್ಯುಲೇಟರಿನಲ್ಲಿ ಇದನ್ನು ಸರಿಯಾಗಿ ಕೂರಿಸಬಹುದು, ಸೆಕೆಂಡುಗಳನ್ನು ಕಡತದಲ್ಲಿ ಬರೆದರೆ ಸಾಕು. ನಿದ್ದೆಯ ಹೊತ್ತಿನಲ್ಲಿ, ಬೆಳಗಿನ ಜಾವ 3 ಗಂಟೆಗೆ ಆ ಬಝರ್ ಹೇಗೆ ಕೇಳುತ್ತಿತ್ತೆಂದು ಮನೆಯಲ್ಲಿ ಕೂತು ಆಡುವವನಿಗೆ ತಿಳಿಯಲಾರದು. ತಿಳಿಸಿಬಿಡುತ್ತೇವೆ ಎಂಬ ಭ್ರಮೆಯೂ ನಮಗಿಲ್ಲ. ರೈಲ್ವೆಯ ತರಬೇತಿ ಕೇಂದ್ರಗಳಲ್ಲಿ ಅದಕ್ಕೆಂದೇ ಬೇರೆ ಸಿಮ್ಯುಲೇಟರುಗಳಿವೆ, ಆ ಕೆಲಸ ಅವರದು. ನಮ್ಮ ಕ್ಯಾಬಿನಲ್ಲಿ ಕೂತು ನೋಡುವವನಿಗೆ ನಿಮ್ಮ ಕೆಲಸದ ಬಗ್ಗೆ ತಿಳಿವಳಿಕೆ ಬಂದರೆ ನಮಗೆ ತೃಪ್ತಿ. ಪ್ಲಾಟ್‌ಫಾರ್ಮಿನಲ್ಲಿ ನಿಂತು, ಗಾಡಿ ಐದು ನಿಮಿಷ ತಡವಾಯಿತೆಂದು ಎಂಜಿನ್ನಿನ ಕಡೆ ನೋಡಿ ಬೈಯುವ ಜನ ಬಹಳ. ಒಮ್ಮೆ ಆ ಸೀಟಿನಲ್ಲಿ ಪರದೆಯ ಮೇಲಾದರೂ ಕೂತು, 58 ವ್ಯಾಗನ್ನನ್ನು ಲೂಪ್ ಲೈನಿನಲ್ಲಿ ಸ್ಟಾರ್ಟರ್ ಸಿಗ್ನಲ್ಲಿನ ಮುಂದೆ ಸರಿಯಾಗಿ ನಿಲ್ಲಿಸಲು ಹೆಣಗಾಡಿದವನು ಹಾಗೆ ಬೈಯುವುದಿಲ್ಲ. ಇದನ್ನು ನಮ್ಮ ಹುಡುಗರಲ್ಲಿ ಕಂಡಿದ್ದೇನೆ.

ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಈಗ ಡ್ಯೂಟಿಯಲ್ಲಿರುವ ಯಾರನ್ನೂ ಕ್ಯಾಬಿನೊಳಗಿನ ಫೋಟೋ, ವಿಡಿಯೋ, ರೆಕಾರ್ಡಿಂಗ್ ಕೇಳುವುದಿಲ್ಲ. ನಮ್ಮ ಹವ್ಯಾಸಕ್ಕಾಗಿ ಒಬ್ಬರ ಗಮನ ಸಿಗ್ನಲ್ಲಿನಿಂದ ಒಂದು ಕ್ಷಣ ಕದಲುವುದೂ ಬೇಡ, ಅವರ ನೌಕರಿಗೆ ತೊಂದರೆ ಬರುವುದೂ ಬೇಡ. ಹಾಗೆ ತೆಗೆದದ್ದು ಯಾರಾದರೂ ಕಳಿಸಿದರೂ ಬಳಸುವುದಿಲ್ಲ ಎಂದು ನಮ್ಮಲ್ಲಿ ಒಪ್ಪಂದವಾಗಿದೆ. ಅಳತೆ, ಚಿತ್ರಗಳಿಗೆ ಮ್ಯೂಸಿಯಮ್ಮಿನ ಎಂಜಿನ್ನುಗಳು, ಅನುಮತಿ ಪಡೆದು ಶೆಡ್ಡಿನಲ್ಲಿ ನಿಂತವು ಸಾಕು.

ನಿಮ್ಮಿಂದ ಬೇಕಾದದ್ದು ಇಷ್ಟೇ. ಹಳೆಯ ಪೆಟ್ಟಿಗೆಯಲ್ಲಿ ಡೈರಿಗಳಿದ್ದರೆ, ತರಬೇತಿಯಲ್ಲಿ ಕೈಯಾರೆ ಬರೆದುಕೊಂಡ ನೋಟುಪುಸ್ತಕವಿದ್ದರೆ ಹೊರತೆಗೆಯಿರಿ. ನಾವು ನಿಮ್ಮ ಮನೆಯಲ್ಲೇ ಫೋಟೋ ತೆಗೆದುಕೊಂಡು ಅಲ್ಲೇ ಬಿಟ್ಟು ಬರುತ್ತೇವೆ, ಒಂದು ಹಾಳೆಯನ್ನೂ ಒಯ್ಯುವುದಿಲ್ಲ. ನಾವು ಕಟ್ಟಿದ ಕ್ಯಾಬಿನ ಮುಂದೆ ಒಮ್ಮೆ ಕೂತು, ಸರಿಯಿಲ್ಲದ್ದನ್ನು ಮುಲಾಜಿಲ್ಲದೆ ಹೇಳಿ. ಮೌಸ್ ಹಿಡಿಯಲು ಬಾರದಿದ್ದರೆ ಚಿಂತೆಯಿಲ್ಲ. ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಬೆಂಗಳೂರು ಬಿಟ್ಟ ಮೇಲೆ ಕೈ ಹೇಗೆ ಹೇಗೆ ಆಡುತ್ತಿತ್ತೆಂದು ಗಾಳಿಯಲ್ಲೇ ಮಾಡಿ ತೋರಿಸಿದರೂ ನಮಗೆ ಸಾಕು, ವಿಡಿಯೋ ಮಾಡಿಕೊಂಡು ಬಿಡಿಸಿಕೊಳ್ಳುತ್ತೇವೆ. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳುತ್ತೇವೆ. ಶೆಡ್ಡಿಗೊಂದು, ಸೆಕ್ಷನ್ನಿಗೊಂದು ರೀತಿ ಇರುವುದು ಸಹಜವೇ. ಕ್ಯಾಬಿನ ಜೊತೆ ಕೊಡುವ ಟಿಪ್ಪಣಿಯಲ್ಲಿ ನಿಮ್ಮ ಹೆಸರು ಹಾಕಬೇಕೋ ಬೇಡವೋ ನೀವೇ ಹೇಳಿ. ಯಾರಿಗೂ ಇದನ್ನು ಹಣಕ್ಕೆ ಮಾರುವುದಿಲ್ಲ.

ಮೊದಲು ವೈಡಿಎಂ-4ರ ಹಿರಿಯರು, ಆಮೇಲೆ ಡಬ್ಲ್ಯುಡಿಎಂ-2ರ ಲಾಂಗ್ ಹುಡ್ ಕ್ಯಾಬ್, ಅದಾದ ಮೇಲೆ, ಆಲ್ಕೊ ಅಲ್ಲದಿದ್ದರೂ, ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4. ಇದೇ ಕ್ರಮದಲ್ಲಿ ಹೋಗಬೇಕೆಂದಿದ್ದೇವೆ. ಭಾನುವಾರಗಳಂದು ಎಲ್ಲಿಗೆ ಬೇಕಾದರೂ ಬರುತ್ತೇವೆ, ಲ್ಯಾಪ್‌ಟಾಪು ಹೆಡ್‌ಫೋನು ನಾವೇ ತರುತ್ತೇವೆ. ನೀವು ಎ-9ರ ಸಪ್ಪಳವನ್ನು ಎಷ್ಟು ಹೊತ್ತು ಎಳೆಯಬೇಕೆಂದು ನೆನಪು ಮಾಡಿಕೊಂಡಿರಿ.

ಇತಿ ನಿಮ್ಮ ವಿಶ್ವಾಸಿ,
ಕ್ಯಾಬ್ ಕಟ್ಟುವ ಬಳಗದ ಪರವಾಗಿ